ಪ್ಲೇಯರ್ ಬದಲಿಸಿದರೆ ಹಾಡಿನ ಸೌಂಡ್ ಬದಲಾಗುತ್ತದಾ? ಮನೆಯಲ್ಲೇ ಪರೀಕ್ಷೆ ಮಾಡಿ ನೋಡುವ ಕ್ರಮ

ಹೋದ ಮಳೆಗಾಲದಲ್ಲಿ ನಾನು ದುಡ್ಡು ಕೊಟ್ಟು ಒಂದು ಮ್ಯೂಸಿಕ್ ಪ್ಲೇಯರ್ ಸಾಫ್ಟ್‌ವೇರ್ ತಗೊಂಡೆ. ಹೊರಗೆ ಧೋ ಅಂತ ಮಳೆ. ಒಳಗೆ ನಾನು ಹೆಡ್‌ಫೋನ್ ಹಾಕಿಕೊಂಡು ಒಂದೇ ಹಾಡನ್ನು ಹಳೇ ಪ್ಲೇಯರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಕೇಳುತ್ತಾ ಕೂತಿದ್ದೆ. ಹೊಸದರಲ್ಲಿ ಕೊಳಲು ಒಂದು ಹೆಜ್ಜೆ ಮುಂದೆ ಬಂದ ಹಾಗೆ ಅನಿಸುತ್ತಿತ್ತು. ಸುಮ್ನೆ ಅನಿಸಿದ್ದಲ್ಲ, ನಿಜವಾಗಿಯೂ ಕೇಳಿಸುತ್ತಿತ್ತು. ಆ ಆದಿತ್ಯವಾರ ಉಡುಪಿ ಕುಂಜಿಬೆಟ್ಟಿನಿಂದ ಭಾವ ಮಂಗಳೂರಿಗೆ ನಮ್ಮನೆಗೆ ಬಂದಿದ್ದರು. ಹೇಳದೆ ಇರಲಿಕ್ಕೆ ಆಗಲಿಲ್ಲ.

"ಎಂತ ಭಾವ, ಒಳಗೆ ಹೋಗುವುದು ಅದೇ ಫೈಲಲ್ವಾ? ಅಕ್ಕಿ ಒಂದೇ ಆದ್ರೆ ಪಾತ್ರೆ ಬದಲಿಸಿದ್ರೆ ಗಂಜಿ ರುಚಿ ಬೇರೆ ಆಗ್ತದಾ?" ಅಂದರು.

ಆಗ್ತದೆ ಅಂತ ನಾನು. ಇಲ್ಲ ಅಂತ ಅವರು. ಕೊನೆಗೆ ಪರೀಕ್ಷೆ ಮಾಡಿಯೇ ಬಿಡುವ ಅಂತ ಆಯಿತು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ, ಭಾವ ಲ್ಯಾಪ್‌ಟಾಪ್ ಎದುರು. ಪ್ರತಿ ಸಲ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಹಳೇದು, ಬೆನ್ನು ಬಿದ್ದರೆ ಹೊಸದು. ನಾನು ಕೇಳಿ ಯಾವುದು ಅಂತ ಹೇಳಬೇಕು. ಸರಿಯಾದರೆ ಅವರು ಬಟ್ಟಲಿಗೆ ಒಂದು ಹುಣಸೆ ಬೀಜ ಹಾಕುತ್ತಿದ್ದರು. 16 ಸಲ ಆಡಿ ಮುಗಿಯುವಾಗ ಬಟ್ಟಲಲ್ಲಿ 15 ಬೀಜ!

ನನ್ನ ಮುಖ ನೋಡಬೇಕಿತ್ತು ಆಗ. ಆದರೆ ಭಾವ ಏನೂ ಮಾತಾಡದೆ ಹಳೇ ಪ್ಲೇಯರ್‌ನ ಸೆಟ್ಟಿಂಗ್ಸ್ ಒಳಗೆ ಹೋಗಿ ಒಂದೊಂದೇ ಪುಟ ತೆಗೆದು ನೋಡುತ್ತಾ ಇದ್ದರು. "ಈ ರಿಪ್ಲೇಗೇನ್ ಅಂದ್ರೆ ಎಂತ ಭಾವ?" ಅಂತ ಕೇಳಿದರು. ನಾನೇ ಎಂದೋ ಟಿಕ್ ಹಾಕಿ ಮರೆತದ್ದು. ಹಾಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಕೇಳಲಿ ಅಂತ ಅದು ಕೆಲವು ಹಾಡುಗಳ ವಾಲ್ಯೂಮ್ ತಗ್ಗಿಸುತ್ತದೆ. ಆ ಹಾಡನ್ನು 2.4 ಡೆಸಿಬೆಲ್ ಇಳಿಸಿತ್ತು. ಟಿಕ್ ತೆಗೆದು ಮತ್ತೆ 16 ಸಲ ಆಡಿದೆವು. ಬಟ್ಟಲಲ್ಲಿ 7 ಬೀಜ. ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದ್ದರೂ 8 ಸಿಗುತ್ತಿತ್ತೇನೋ.

ನೀವೂ ಪ್ಲೇಯರ್‌ಗೆ, ಪ್ಲಗಿನ್‌ಗೆ ದುಡ್ಡು ಹಾಕುವ ಆಲೋಚನೆಯಲ್ಲಿದ್ದರೆ ಮೊದಲು ಇದನ್ನೆಲ್ಲ ಮಾಡಿ ನೋಡಿ. ಒಂದು ಮಧ್ಯಾಹ್ನ ಸಾಕು.

ಪ್ಲೇಯರ್ ಮಾಡುವ ಕೆಲಸ ಇಷ್ಟೇ

ಸಿಡಿಯಲ್ಲಿ ಹಾಡು ಅಂದರೆ ಅಂಕೆಗಳ ಸಾಲು. ಒಂದು ಸೆಕೆಂಡಿಗೆ ಎಡಗಿವಿಗೆ 44,100 ಅಂಕೆ, ಬಲಗಿವಿಗೆ 44,100, ಒಂದೊಂದೂ 16 ಬಿಟ್. ಪ್ಲೇಯರ್ ಫೈಲ್ ಬಿಚ್ಚಿ ಈ ಅಂಕೆಗಳನ್ನು ಹೊರಗೆ ತೆಗೆಯುತ್ತದೆ, ವಿಂಡೋಸ್ ಕೈಗೆ ಕೊಡುತ್ತದೆ. ವಿಂಡೋಸ್‌ನ ಮಿಕ್ಸರ್ ಅದಕ್ಕೆ ಬ್ರೌಸರ್ ಸೌಂಡು, ನೋಟಿಫಿಕೇಶನ್ ಟಿಂಗ್ ಎಲ್ಲ ಸೇರಿಸಿ ಡ್ಯಾಕ್ ಅನ್ನುವ ಚಿಪ್‌ಗೆ ಕಳಿಸುತ್ತದೆ. ಅಂಕೆ ಕರೆಂಟಾಗುವುದು ಡ್ಯಾಕ್‌ನಲ್ಲಿ. ಅಲ್ಲಿಂದ ಆಂಪ್ಲಿಫೈಯರ್, ಆಮೇಲೆ ಸ್ಪೀಕರ್, ಆಮೇಲೆ ನಿಮ್ಮ ಕೋಣೆ, ಆಮೇಲೆ ಕಿವಿ. ಪ್ಲೇಯರ್‌ನ ಪಾತ್ರ ಆಟ ಶುರುವಾಗುವ ಮೊದಲೇ ಮುಗಿಯಿತು.

ಫೈಲ್ ಬಿಚ್ಚುವುದರಲ್ಲಿ ಕೈಚಳಕ ತೋರಿಸಲಿಕ್ಕೆ ಜಾಗ ಇಲ್ಲ. ಫ್ಲ್ಯಾಕ್ ಫೈಲನ್ನು, ಅಂದರೆ ಒಂದಂಕೆಯೂ ಕಳೆಯದೆ ಹಾಡನ್ನು ಸಣ್ಣದಾಗಿ ಕಟ್ಟಿಟ್ಟ ಫೈಲನ್ನು, ಯಾವ ಪ್ಲೇಯರ್ ಬಿಚ್ಚಿದರೂ ಅದೇ ಅಂಕೆಗಳು ಬರಬೇಕು, ಬಂದಿದೆಯಾ ಅಂತ ತಾಳೆ ನೋಡುವ ಎಂಡಿ5 ಗುರುತು ಕೂಡ ಸಾಮಾನ್ಯವಾಗಿ ಫೈಲ್ ಒಳಗೇ ಇರುತ್ತದೆ. ಎಂಪಿ3ಯಲ್ಲಿ ಲೆಕ್ಕ ಮಾಡುವಾಗ ಕೊನೆಯ ಬಿಟ್‌ನಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿ ಆಗಬಹುದು. ಅದನ್ನು ಕೇಳುವ ಕಿವಿ ನಾನಂತೂ ನೋಡಿಲ್ಲ.

"ನಮ್ಮ ಪ್ಲೇಯರ್ ಹಾಡನ್ನು ಪೂರ್ತಿ ರ‍್ಯಾಮ್‌ಗೆ ಹಾಕಿ ನುಡಿಸುತ್ತದೆ, ಹಾಗಾಗಿ ಸೌಂಡ್ ಮೃದು" ಅಂತ ಕೆಲವರು ಮಾರುತ್ತಾರೆ. ಬಾವಿಯಿಂದ ಪಂಪ್ ಹಾಕಿ ಟ್ಯಾಂಕ್ ತುಂಬಿಸಿದರೂ ಕೊಡಪಾನದಲ್ಲಿ ಹೊತ್ತು ತುಂಬಿಸಿದರೂ ನಲ್ಲಿಯಲ್ಲಿ ಬರುವುದು ಅದೇ ನೀರಲ್ವಾ? ನೀರು ಬೀಳುವ ವೇಗ ನಲ್ಲಿಗೆ ಸೇರಿದ್ದು. ಇಲ್ಲಿ ಟ್ಯಾಂಕ್ ಅಂದರೆ ಬಫರ್, ನಲ್ಲಿ ಅಂದರೆ ಡ್ಯಾಕ್‌ನ ಗಡಿಯಾರ. ಟ್ಯಾಂಕ್ ಪೂರ್ತಿ ಖಾಲಿಯಾದರೆ ಮಾತ್ರ ಗೊರಗೊರ ಅನ್ನುತ್ತದೆ. ಕಂಪ್ಯೂಟರ್‌ನಲ್ಲಿ ಅದು ಟಕ್ ಟಕ್ ಅಂತಲೋ ಹಾಡು ತುಂಡಾಗಿಯೋ ಕೇಳುತ್ತದೆ. ಮೃದು, ಗಡಸು ಅಂತೆಲ್ಲ ಕೇಳುವುದಿಲ್ಲ. ಹಾಗೆ ಟಕ್ ಅಂದರೆ ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ಬಫರ್ ಸ್ವಲ್ಪ ಜಾಸ್ತಿ ಮಾಡಿ, ಅಷ್ಟೇ.

ಮೊದಲು ಕಂಪ್ಯೂಟರ್‌ನ ಕೈ ಕಟ್ಟಿ

ಹೋಲಿಸುವ ಮೊದಲು ದಾರಿಯಲ್ಲಿ ಮಸಾಲೆ ಹಾಕುವವರನ್ನೆಲ್ಲ ಬದಿಗೆ ಕೂರಿಸಬೇಕು. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಅಂತ ಹೋಗಿ ಕೆಳಗೆ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಒತ್ತಿ. ಹಳೇ ಕಾಲದ ಸಣ್ಣ ಕಿಟಕಿ ಒಂದು ತೆರೆಯುತ್ತದೆ. ಅದರಲ್ಲಿ ನೀವು ಬಳಸುವ ಸ್ಪೀಕರ್ ಅಥವಾ ಹೆಡ್‌ಫೋನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ.

ಎನ್‌ಹಾನ್ಸ್‌ಮೆಂಟ್ಸ್ ಅಂತ ಇದ್ದರೆ ಪೂರ್ತಿ ಆಫ್ ಮಾಡಿ. ಸ್ಪೇಶಿಯಲ್ ಸೌಂಡ್ ಆಫ್. ಲ್ಯಾಪ್‌ಟಾಪ್ ಕಂಪೆನಿಯವರು ಡಾಲ್ಬಿ ತರದ್ದೇನಾದರೂ ಮೊದಲೇ ತುಂಬಿಸಿ ಕೊಟ್ಟಿದ್ದರೆ ಅದರ ಆ್ಯಪ್‌ಗೆ ಹೋಗಿ ಅಲ್ಲೂ ಆಫ್ ಮಾಡಬೇಕು. ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗೆ ಇವು ಒಳ್ಳೆಯದೇ, ಆಮೇಲೆ ಬೇಕಾದರೆ ಮತ್ತೆ ಹಾಕಿಕೊಳ್ಳಿ. ಪರೀಕ್ಷೆ ಹೊತ್ತಿಗೆ ಬೇಡ.

ನಂತರ ಅಡ್ವಾನ್ಸ್ಡ್ ಪುಟ. ಅಲ್ಲಿ ಡೀಫಾಲ್ಟ್ ಫಾರ್ಮ್ಯಾಟ್ ಹೆಚ್ಚಾಗಿ 48000 ಹರ್ಟ್ಸ್ ಅಂತ ಇರುತ್ತದೆ. ನಿಮ್ಮ ಹಾಡು ಸಿಡಿಯಿಂದ ಬಂದದ್ದಾದರೆ 44100. ಎರಡಕ್ಕೂ ತಾಳೆ ಇಲ್ಲದಿದ್ದರೆ ಮಿಕ್ಸರ್ ಅಂಕೆಗಳನ್ನು ಹೊಸದಾಗಿ ಲೆಕ್ಕ ಹಾಕಿ ಕಳಿಸುತ್ತದೆ. ಹೀಗೆ ಮಾಡಿದರೆ ಸೌಂಡ್ ಹಾಳಾಗಿಯೇ ಹೋಯಿತು ಅಂತ ಬೊಬ್ಬೆ ಹೊಡೆಯುವವರಿದ್ದಾರೆ. ಇವತ್ತಿನ ವಿಂಡೋಸ್‌ನಲ್ಲಿ ಅದು ಅಷ್ಟು ದೊಡ್ಡ ವಿಷಯವೇ ಅಲ್ಲ. ಆದರೂ ಪರೀಕ್ಷೆಗೆ 24 ಬಿಟ್, 44100 ಅಂತ ಆರಿಸಿಕೊಳ್ಳಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮ್ಯಾಕ್‌ನಲ್ಲಿ ಇದೇ ಕೆಲಸ ಆಡಿಯೊ ಮಿಡಿ ಸೆಟಪ್‌ನಲ್ಲಿ.

ಮೊದಲು ತೆರೆದ ಆ ಸಣ್ಣ ಕಿಟಕಿಯಲ್ಲಿ ಕಮ್ಯುನಿಕೇಶನ್ಸ್ ಅಂತ ಇನ್ನೊಂದು ಪುಟ ಇದೆ. ಕಾಲ್ ಬಂದಾಗ ಉಳಿದ ಸೌಂಡನ್ನು 80 ಶೇಕಡಾ ತಗ್ಗಿಸು ಅಂತ ಅಲ್ಲಿ ಮೊದಲೇ ಬರೆದಿರುತ್ತದೆ. 'ಡು ನಥಿಂಗ್' ಆರಿಸಿ. ಮೀಟಿಂಗ್ ಮುಗಿದ ಮೇಲೂ ಹಾಡು ಮೆಲ್ಲಗೆ ಕೇಳುತ್ತದೆ ಅಂತ ದೂರುವವರಲ್ಲಿ ಎಷ್ಟೋ ಜನರಿಗೆ ಈ ಪುಟ ಇರುವುದೇ ಗೊತ್ತಿಲ್ಲ.

ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಅದನ್ನು ಈಗ ತೆಗೆದಿಡಿ, ವೈರ್ ಇರುವುದನ್ನೇ ಹಾಕಿ. ಅದರ ಮೈಕನ್ನು ಯಾವುದೋ ಒಂದು ಆ್ಯಪ್ ಹಿಡಿದುಕೊಂಡಿದ್ದರೆ ಸಾಕು, ಹೆಡ್‌ಫೋನ್ ಫೋನ್ ಕಾಲ್ ಮೋಡಿಗೆ ಇಳಿದು ಹಾಡು ಡಬ್ಬಿಯೊಳಗಿನಿಂದ ಬಂದ ಹಾಗೆ ಕೇಳುತ್ತದೆ. ಅದಕ್ಕೂ ಪ್ಲೇಯರ್‌ಗೂ ಸಂಬಂಧವೇ ಇಲ್ಲ.

ಕೊನೆಗೆ ಎರಡೂ ಪ್ಲೇಯರ್‌ಗಳ ಒಳಗೆ: ಈಕ್ವಲೈಸರ್, ರಿಪ್ಲೇಗೇನ್, ನಾರ್ಮಲೈಸೇಶನ್, ಕ್ರಾಸ್‌ಫೇಡ್, ಪ್ರಿಆಂಪ್ ಎಲ್ಲ ಆಫ್. ವಾಲ್ಯೂಮ್ ಎರಡರಲ್ಲೂ ಸರಿಯಾಗಿ 100. ವಿಎಲ್‌ಸಿಯಲ್ಲಿ ನೂರರ ಆಚೆಗೂ ಎಳೆಯಬಹುದು, ಹಾಗೆ ಎಳೆದರೆ ಜೋರಿನ ಜಾಗಗಳ ತಲೆ ಕತ್ತರಿಸಿ ಹೋಗುತ್ತದೆ, ಗರಗರ ಅನ್ನುತ್ತದೆ. ಮೆಲ್ಲಗೆ ರೆಕಾರ್ಡ್ ಆದ ತಾಳಮದ್ದಲೆ ಕೇಳಲಿಕ್ಕೆ ಆ ಸೌಕರ್ಯ ಚಂದವೇ. ಹೋಲಿಕೆಗೆ ಆಗುವುದಿಲ್ಲ.

ಕಿವಿಗಿಂತ ಮೊದಲು ಕಳೆಯುವ ಲೆಕ್ಕ

ಇದು ನನಗೆ ಅತ್ಯಂತ ಇಷ್ಟದ ಹಂತ. ಎರಡೂ ಪ್ಲೇಯರ್‌ನಿಂದ ಹೊರಗೆ ಬಂದ ಅಂಕೆಗಳನ್ನು ರೆಕಾರ್ಡ್ ಮಾಡಿ, ಒಂದರಿಂದ ಇನ್ನೊಂದನ್ನು ಕಳೆದುಬಿಡುವುದು. ಎರಡೂ ಒಂದೇ ಆಗಿದ್ದರೆ ಉಳಿಯುವುದು ಸೊನ್ನೆ.

ಪುಕ್ಕಟೆ ಸಿಗುವ ಅಡಾಸಿಟಿ ಇದಕ್ಕೆ ಸಾಕು. ಅದರ ಆಡಿಯೊ ಸೆಟಪ್‌ನಲ್ಲಿ ಹೋಸ್ಟ್ ಅಂತ ಇರುವಲ್ಲಿ ವಿಂಡೋಸ್ ವಾಸಾಪಿ ಆರಿಸಿ. ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಹೆಸರಿನ ಪಕ್ಕ ಲೂಪ್‌ಬ್ಯಾಕ್ ಅಂತ ಇರುವುದನ್ನು ತಗೊಳ್ಳಿ. ಈಗ ಅಡಾಸಿಟಿ ಮೈಕ್‌ನಿಂದ ಅಲ್ಲ, ಕಂಪ್ಯೂಟರ್ ಒಳಗಿನಿಂದಲೇ ಸೌಂಡ್ ಹಿಡಿಯುತ್ತದೆ. ಹೊರಗೆ ಮಳೆ ಬಂದರೂ ಪಕ್ಕದ ಮನೆಯ ಮಿಕ್ಸಿ ತಿರುಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಪ್ರಾಜೆಕ್ಟ್ ರೇಟ್ 44100 ಮಾಡಿ. ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ, ಇಲ್ಲದಿದ್ದರೆ ಒಂದು ವಾಟ್ಸಾಪ್ ಟಿಂಗ್ ಬಂದು ಲೆಕ್ಕ ಎಲ್ಲ ಕೆಡಿಸುತ್ತದೆ.

ಹಾಡಿನ ಮೊದಲ ಒಂದು ನಿಮಿಷ ಸಾಕು. ಮೊದಲು ಹಳೇ ಪ್ಲೇಯರ್‌ನಲ್ಲಿ ನುಡಿಸಿ ರೆಕಾರ್ಡ್ ಮಾಡಿ. ಅದೇ ಪ್ಲೇಯರ್‌ನಲ್ಲಿ ಇನ್ನೊಮ್ಮೆ ನುಡಿಸಿ ಇನ್ನೊಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ. ಹೌದು, ಅದೇ ಪ್ಲೇಯರ್. ಒಂದೇ ಪ್ಲೇಯರ್‌ನ ಎರಡು ರೆಕಾರ್ಡಿಂಗ್ ಕಳೆದಾಗ ಸೊನ್ನೆ ಬಾರದಿದ್ದರೆ ತಪ್ಪು ನಿಮ್ಮ ಸೆಟಪ್‌ನಲ್ಲಿದೆ ಅಂತ ಅರ್ಥ. ನಾನು ಇದನ್ನು ಮಾಡದೆ ಎರಡು ಗಂಟೆ ಹಾಳು ಮಾಡಿಕೊಂಡೆ. ವಿಂಡೋಸ್ 48000ದಲ್ಲಿತ್ತು, ಹಾಡು 44100ದಲ್ಲಿತ್ತು. ಲೆಕ್ಕ ಹಾಕಿ ಬದಲಿಸಿದ ಅಂಕೆಗಳು ಎರಡು ಸಲವೂ ಕೂದಲೆಳೆಯಷ್ಟು ಹಿಂದೆಮುಂದೆ ಬೀಳುತ್ತಿದ್ದವು, ಕಳೆದರೆ ಸೊನ್ನೆ ಆಗುತ್ತಲೇ ಇರಲಿಲ್ಲ. ಮೇಲೆ 44100 ಇಡಿ ಅಂದದ್ದು ಇದಕ್ಕೇ.

ಈಗ ಎರಡು ಟ್ರ್ಯಾಕ್‌ಗಳನ್ನು ಸಾಲಾಗಿ ಜೋಡಿಸಬೇಕು. ಅಲೆಯ ಗೆರೆ ಬಿಟ್ಟು ಬಿಡಿಬಿಡಿ ಚುಕ್ಕೆಗಳು ಕಾಣುವವರೆಗೆ ಝೂಮ್ ಮಾಡಿ. ಚೆಂಡೆಯೋ ತಬಲವೋ ಥಟ್ಟನೆ ಏಳುವ ಒಂದು ಪೆಟ್ಟು ಹುಡುಕಿ. ಮೇಲಿನ ಟ್ರ್ಯಾಕ್‌ನ ಚುಕ್ಕೆಯ ನೇರ ಕೆಳಗೆ ಕೆಳಗಿನ ಟ್ರ್ಯಾಕ್‌ನ ಅದೇ ಚುಕ್ಕೆ ಬರುವ ಹಾಗೆ ಎಳೆದು ಕೂರಿಸಿ. ಒಂದೇ ಒಂದು ಚುಕ್ಕೆ ತಪ್ಪಿದರೂ ಆಗಲಿಕ್ಕಿಲ್ಲ. ಆಮೇಲೆ ಒಂದು ಟ್ರ್ಯಾಕ್ ಆರಿಸಿ, ಎಫೆಕ್ಟ್ ಮೆನುವಿನಲ್ಲಿ ಇನ್ವರ್ಟ್. ಅಲೆ ತಲೆಕೆಳಗಾಗುತ್ತದೆ. ಎರಡನ್ನೂ ಆರಿಸಿ ಮಿಕ್ಸ್ ಅಂಡ್ ರೆಂಡರ್ ಒತ್ತಿ.

ಎಲ್ಲ ಸರಿಯಿದ್ದರೆ ಪರದೆಯಲ್ಲಿ ಬರೀ ನೇರ ಗೆರೆ ಉಳಿಯುತ್ತದೆ. ಹಾಡು ಮಾಯ! ಮೊದಲ ಸಲ ನೋಡುವಾಗ ಮೈ ಜುಂ ಅನ್ನುತ್ತದೆ. ಏನಾದರೂ ಸೂಕ್ಷ್ಮವಾಗಿ ಉಳಿದಿದೆಯಾ ಅಂತ ತಿಳಿಯಲು ಆಂಪ್ಲಿಫೈ ಎಫೆಕ್ಟ್ ತೆರೆದು ನೋಡಿ. ಇದನ್ನು ಎಷ್ಟು ಡೆಸಿಬೆಲ್ ಏರಿಸಬಹುದು ಅಂತ ಅದು ತಾನಾಗಿಯೇ ತೋರಿಸುತ್ತದೆ. ಒಂದು ಸಲಕ್ಕೆ 50ಕ್ಕಿಂತ ಹೆಚ್ಚು ಅದು ತೋರಿಸುವುದಿಲ್ಲ. 50 ತೋರಿಸಿ, ಕೆಳಗೆ ನ್ಯೂ ಪೀಕ್ ಅಂತ ಇರುವಲ್ಲಿ -30, -40 ಅಂತಿದ್ದರೆ, ಅಂದರೆ ಒಟ್ಟು 80, 90 ಆದರೆ, ಉಳಿದದ್ದು ಪುಡಿ ಧೂಳು. 16 ಬಿಟ್ ಸಿಡಿಯ ವ್ಯಾಪ್ತಿಯೇ ಸುಮಾರು 96 ಡೆಸಿಬೆಲ್.

ಇಷ್ಟಾದ ಮೇಲೆ ಹೊಸ ಪ್ಲೇಯರ್‌ನ ಸರದಿ. ಹಳೇದರ ರೆಕಾರ್ಡಿಂಗ್‌ನಿಂದ ಹೊಸದರ ರೆಕಾರ್ಡಿಂಗ್ ಕಳೆಯಿರಿ. ನನಗೆ ನೇರ ಗೆರೆಯೇ ಬಂತು. ನಿಮಗೆ ಆಂಪ್ಲಿಫೈಯಲ್ಲಿ 39ರ ಆಸುಪಾಸಿನ ಸಂಖ್ಯೆ ಬಂದರೆ ಗಾಬರಿ ಬೇಡ, ಎರಡರ ವಾಲ್ಯೂಮ್‌ನಲ್ಲಿ ಬರೀ 0.1 ಡೆಸಿಬೆಲ್ ವ್ಯತ್ಯಾಸ ಇದ್ದರೂ ಅಷ್ಟು ಉಳಿಯುತ್ತದೆ. ಉಳಿದದ್ದನ್ನು ಏರಿಸಿ ಕೇಳಿ. ಹಾಡೇ ಮೆಲ್ಲಗೆ ಪೂರ್ತಿಯಾಗಿ ಕೇಳಿದರೆ ಅದು ವಾಲ್ಯೂಮ್ ವ್ಯತ್ಯಾಸ. ಬರೀ ತೆಳು ಕೀಚು ದನಿ ಅಥವಾ ಬರೀ ಬೇಸ್ ಉಳಿದರೆ ಎಲ್ಲೋ ಈಕ್ವಲೈಸರ್ ಕೂತಿದೆ. ಜೋರು ಪೆಟ್ಟುಗಳ ಹತ್ತಿರ ಮಾತ್ರ ಉಳಿದರೆ ಜೋರನ್ನು ತಡೆಹಿಡಿಯುವ ಲಿಮಿಟರ್ ಅಥವಾ ಅಲೆಯ ತಲೆ ಕತ್ತರಿಸುವ ಕ್ಲಿಪ್ಪಿಂಗ್. ಇದು ಸಿಬಿಐ ಕೆಲಸ ಮಾಡಿದ ಹಾಗೆ, ಒಂದೊಂದಾಗಿ ಕಳ್ಳ ಸಿಗುತ್ತಾನೆ.

ಪ್ಲೇಯರ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಹಾಕಿದ್ದರೆ ಈ ಲೂಪ್‌ಬ್ಯಾಕ್‌ಗೆ ಏನೂ ಸಿಗುವುದಿಲ್ಲ, ಅದು ಮಿಕ್ಸರ್ ದಾಟಿ ನೇರ ಡ್ಯಾಕ್‌ಗೆ ಹೋಗುವ ದಾರಿ. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿದೆ. ಫೂಬಾರ್2000ದಂತಹ ಪುಕ್ಕಟೆ ಪ್ಲೇಯರ್‌ನಲ್ಲೂ ಸಿಗುತ್ತದೆ, ಇದೊಂದಕ್ಕಾಗಿ ದುಡ್ಡು ಕೊಡಬೇಕಿಲ್ಲ.

ಈಗ ಕಿವಿ

ಗೆರೆ ನೇರ ಬಂದರೂ ನಿಮಗೆ ಸಮಾಧಾನ ಆಗಲಿಲ್ಲ ಅಂತಾದರೆ ಹುಣಸೆ ಬೀಜದ ಆಟ ಆಡಿ. ನಿಯಮ ಮೂರೇ. ಯಾವುದು ನುಡಿಯುತ್ತಿದೆ ಅಂತ ನಿಮಗೆ ಕಾಣಬಾರದು. ಯಾವುದು ಅಂತ ನಾಣ್ಯ ತೀರ್ಮಾನಿಸಬೇಕು, ಮನುಷ್ಯ ಅಲ್ಲ. ನುಡಿಸುವವರು ಎರಡಕ್ಕೂ ಒಂದೇ ಸಮಯ ತಗೊಳ್ಳಬೇಕು, ಯಾಕೆಂದರೆ ಹೊಸ ಪ್ಲೇಯರ್ ತೆರೆಯಲು ಎರಡು ಸೆಕೆಂಡ್ ಜಾಸ್ತಿ ತಗೊಂಡರೆ ಕಿವಿ ಬೇಡ, ಕಾಯುವ ಹೊತ್ತೇ ಉತ್ತರ ಹೇಳಿಬಿಡುತ್ತದೆ. ಕೀಬೋರ್ಡ್ ಸದ್ದು ಕೂಡ ಸುಳಿವು ಕೊಡುತ್ತದೆ. ನನ್ನ ಭಾವ ಪ್ರತಿ ಸಲವೂ ಎರಡೂ ಪ್ಲೇಯರ್‌ಗಳನ್ನು ಮುಟ್ಟಿ, ಕೆಮ್ಮಿ, ಆಮೇಲೆ ನುಡಿಸುತ್ತಿದ್ದರು.

16ರಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಮಾತ್ರ ಕೇಳಿಸಿದೆ ಅಂತ ಒಪ್ಪಿ. ಬರೀ ಅಂದಾಜಿನಲ್ಲಿ ಅಷ್ಟು ಸರಿಯಾಗುವ ಸಾಧ್ಯತೆ 100ಕ್ಕೆ 4ರಷ್ಟು. 10 ಬಂದರೆ ಅದು ಅದೃಷ್ಟ ಇದ್ದರೂ ಬರುತ್ತದೆ. ಎಷ್ಟು ಸಲ ಆಡುವುದು ಅಂತ ಮೊದಲೇ ನಿಶ್ಚಯ ಮಾಡಿ, ಗೆಲ್ಲುವವರೆಗೆ ಆಡುತ್ತಾ ಹೋಗುವುದು ಕೋಳಿ ಅಂಕದ ಬುದ್ಧಿ.

ಎರಡು ಪ್ಲೇಯರ್ ಬದಲು ಎರಡು ಫೈಲ್ ಹೋಲಿಸಬೇಕಾದರೆ, ಅಂದರೆ ಫ್ಲ್ಯಾಕ್‌ಗೂ ಎಂಪಿ3ಗೂ ವ್ಯತ್ಯಾಸ ಕೇಳುತ್ತದಾ ಅಂತ ನೋಡಬೇಕಾದರೆ, ಭಾವನನ್ನು ಕೂರಿಸುವ ಅಗತ್ಯ ಇಲ್ಲ. ಫೂಬಾರ್2000ಕ್ಕೆ ಎಬಿಎಕ್ಸ್ ಕಂಪ್ಯಾರೇಟರ್ ಅಂತ ಒಂದು ಕಾಂಪೊನೆಂಟ್ ಸಿಗುತ್ತದೆ, ಗುಟ್ಟು ಕಾಯುವ ಕೆಲಸ ಅದೇ ಮಾಡುತ್ತದೆ.

ಪ್ಲೇಯರ್ ನಿಜವಾಗಿ ಬದಲಾವಣೆ ಮಾಡುವ ಜಾಗಗಳು

ಹಾಗಂತ ಎಲ್ಲ ಪ್ಲೇಯರ್‌ಗಳೂ ಒಂದೇ ಅಂತ ಭಾವನ ಹಾಗೆ ವಾದ ಮಾಡಲಿಕ್ಕೆ ನಾನಿಲ್ಲ. ಆರು ಸ್ಪೀಕರ್‌ಗೆ ಅಂತ ಮಾಡಿದ 5.1 ಸೌಂಡ್ ಇರುವ ಸಿನಿಮಾವನ್ನು ಎರಡು ಸ್ಪೀಕರ್‌ಗೆ ಇಳಿಸುವಾಗ ಒಬ್ಬೊಬ್ಬರದು ಒಂದೊಂದು ಲೆಕ್ಕ, ಒಂದರಲ್ಲಿ ಮಾತು ಸ್ಪಷ್ಟ, ಇನ್ನೊಂದರಲ್ಲಿ ಮಾತು ಕೇಳದೆ ಬಾಂಬು ಮಾತ್ರ ಕೇಳುತ್ತದೆ. ಮಿಡಿ ಫೈಲ್‌ನಲ್ಲಿ ಸೌಂಡೇ ಇರುವುದಿಲ್ಲ, ಸ್ವರ ಮಾತ್ರ ಬರೆದಿರುತ್ತದೆ. ವಾದ್ಯದ ದನಿ ನುಡಿಸುವ ಸಾಫ್ಟ್‌ವೇರ್‌ನದ್ದು, ಅಲ್ಲಿ ವ್ಯತ್ಯಾಸ ಹಗಲು ರಾತ್ರಿಯಷ್ಟು. ಕಚೇರಿಯ ರೆಕಾರ್ಡಿಂಗ್ ನಾಲ್ಕು ಟ್ರ್ಯಾಕ್ ಆಗಿ ತುಂಡಾಗಿದ್ದರೆ ಗ್ಯಾಪ್‌ಲೆಸ್ ಇಲ್ಲದ ಪ್ಲೇಯರ್ ಆಲಾಪನೆಯ ನಡುವೆ ಉಸಿರು ಕಟ್ಟಿದ ಹಾಗೆ ನಿಲ್ಲಿಸುತ್ತದೆ. ಇವಕ್ಕೆಲ್ಲ ಪ್ಲೇಯರ್ ನೋಡಿಯೇ ಆರಿಸಿ. ಲೈಬ್ರರಿ ಚೆನ್ನಾಗಿದೆ, ಕನ್ನಡ ಹೆಸರು ಸರಿಯಾಗಿ ತೋರಿಸುತ್ತದೆ, ನೋಡಲು ಚಂದ ಇದೆ, ಇದೂ ದುಡ್ಡು ಕೊಡಲು ಒಳ್ಳೆಯ ಕಾರಣವೇ. ನನ್ನ ಪ್ಲೇಯರನ್ನು ನಾನು ಈಗಲೂ ಬಳಸುತ್ತೇನೆ.

ವ್ಯತ್ಯಾಸ ಇಲ್ಲ ಅಂತಾದರೆ ಇನ್ನೆಲ್ಲಿ ಹುಡುಕುವುದು

ಫೈಲ್ ನೋಡಿ ಮೊದಲು. ಹಳೇ ಯಕ್ಷಗಾನ ಕ್ಯಾಸೆಟ್‌ಗಳನ್ನು ಯಾರೋ ಪುಣ್ಯಾತ್ಮರು ಎಂಪಿ3 ಮಾಡಿ ಹಂಚಿದ್ದು ನಮ್ಮೂರಲ್ಲಿ ಮನೆಮನೆಯಲ್ಲಿದೆ. ಕಮ್ಮಿ ಬಿಟ್‌ರೇಟಿನ ಎಂಪಿ3ಗೆ ಚೆಂಡೆ, ಚಕ್ರತಾಳ ಅಂದರೆ ಆಗಿ ಬರುವುದಿಲ್ಲ. ಥಟ್ಟನೆ ಬೀಳುವ ಪೆಟ್ಟಿಗೆ ಒಂದು ಕ್ಷಣ ಮೊದಲೇ ಶ್ ಅಂತ ಪುಡಿ ಸದ್ದು ಹರಡುತ್ತದೆ, ಚಕ್ರತಾಳ ನೀರಿನೊಳಗೆ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಅದನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಫೈಲ್ ದೊಡ್ಡದಾಗುತ್ತದೆ, ಹೋದದ್ದು ಬರುವುದಿಲ್ಲ. ಕ್ಯಾಸೆಟ್ ಇನ್ನೂ ಮನೆಯಲ್ಲಿದ್ದು ಬೂಸಲು ಹಿಡಿಯದೆ ಉಳಿದಿದ್ದರೆ ಹೊಸದಾಗಿ ರೆಕಾರ್ಡ್ ಮಾಡುವುದೇ ಒಳ್ಳೆಯದು.

ಗುಂಯ್ ಅನ್ನುವ ಸದ್ದು ಇದ್ದರೆ ಚಾರ್ಜರ್ ಪಿನ್ ತೆಗೆದು ಬ್ಯಾಟರಿಯಲ್ಲಿ ನುಡಿಸಿ. ಸದ್ದು ನಿಂತರೆ ಅರ್ಥಿಂಗ್‌ನ ತೊಂದರೆ, ಎಲೆಕ್ಟ್ರೀಷಿಯನ್ ಕರೆಸಿ ಪ್ಲಗ್ ಪಾಯಿಂಟ್ ತೋರಿಸಿ. ಲ್ಯಾಪ್‌ಟಾಪನ್ನೂ ಆಂಪ್ಲಿಫೈಯರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೂ ಎಷ್ಟೋ ಸಲ ಕಮ್ಮಿ ಆಗುತ್ತದೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಂದಾಗ ಮಾತ್ರ ಝುಂ ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಗುಣ.

ಕೋಣೆಗೆ ಬನ್ನಿ. ರೆಡ್ ಆಕ್ಸೈಡೋ ಟೈಲ್ಸೋ ಹಾಕಿದ ನೆಲ, ಬೋಳು ಗೋಡೆ, ಮೂಲೆಗೆ ತಳ್ಳಿದ ಸ್ಪೀಕರ್, ನಮ್ಮ ಕಡೆಯ ಚಾವಡಿ ಅಂದರೆ ಇಷ್ಟೇ ಅಲ್ವಾ. ಸೌಂಡ್ ಹೋಗಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆ ಎಳೆಯಿರಿ, ಎದುರಿಗೆ ದಪ್ಪದ ಜಮಖಾನ ಹಾಸಿ, ಕಿಟಕಿಗೆ ಪರದೆ ಕಟ್ಟಿ. ಇದರಿಂದ ಆಗುವ ಬದಲಾವಣೆ ಗೊತ್ತಾಗಲು ನಾಣ್ಯ, ಹುಣಸೆ ಬೀಜ ಯಾವುದೂ ಬೇಡ. ಇನ್ನು ಹಂಚಿನ ಮಾಡಿನ ಮನೆಯಲ್ಲಿ ಜುಲೈ ಮಳೆಯ ಸದ್ದಿನ ನಡುವೆ 24 ಬಿಟ್‌ನ ಸೂಕ್ಷ್ಮ ಕೇಳುತ್ತೇನೆ ಅನ್ನುವವರಿಗೆ ನಮಸ್ಕಾರ.

ಕೊನೆಗೆ ಜ್ಯಾಕ್. ಸಮುದ್ರದ ಉಪ್ಪು ಗಾಳಿ, ನಾಲ್ಕು ತಿಂಗಳ ತೇವ, ಹೆಡ್‌ಫೋನ್ ಪಿನ್ ಕಿಲುಬು ಹಿಡಿಯದೆ ಇರುತ್ತದಾ? ಒಂದು ಕಿವಿ ಮೆಲ್ಲಗೆ ಕೇಳುವುದು, ತಿರುಗಿಸಿದರೆ ಕರಕರ ಅನ್ನುವುದು, ಹಾಡುವವರ ದನಿ ದೂರ ಹೋಗಿ ವಾದ್ಯ ಮಾತ್ರ ಉಳಿಯುವುದು, ಇದೆಲ್ಲ ಹೆಚ್ಚಾಗಿ ಆ ಪಿನ್‌ನದೇ ಕಿತಾಪತಿ. ಭಾವ ಹೊರಡುವ ಮೊದಲು ತಮ್ಮ ಲ್ಯಾಪ್‌ಟಾಪ್ ಕೂಡ ತೋರಿಸಿದರು. "ಇದರಲ್ಲಿ ಎಡಗಡೆ ಸೌಂಡ್ ಕಮ್ಮಿ ಮಾರಾಯ್ರೆ, ಪ್ಲೇಯರ್ ಬದಲಿಸ್ಬೇಕಾ ಅಂತ" ಅಂದರು, ಮುಖದಲ್ಲಿ ನಗು ಇಲ್ಲದೆ. ಮೆಡಿಕಲ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಬಟ್ಟೆಗೆ ಹಾಕಿ ಪಿನ್ ಉಜ್ಜಿದೆ, ಬಟ್ಟೆ ಹಸಿರಾಯಿತು. ಸಾಕೆಟ್ ಒಳಗೆ ಹೋಗಬೇಕಾದರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಹತ್ತಿ ಕಡ್ಡಿಯ ಹತ್ತಿಯನ್ನು ಅರ್ಧ ಕಿತ್ತು ತೆಳ್ಳಗೆ ಮಾಡಿ, ಸ್ಪಿರಿಟ್ ತೊಟ್ಟಿಕ್ಕದ ಹಾಗೆ ಹಿಂಡಿ, ಎರಡು ಸುತ್ತು ತಿರುಗಿಸಿ ತೆಗೆಯಿರಿ. ಅರ್ಧ ಗಂಟೆ ಒಣಗಲು ಬಿಟ್ಟು ಆಮೇಲೆ ಆನ್ ಮಾಡಿ.